ಬಡಿದರೆ ಹೊರಡುವ ಲಾರಿ

ಟೈಲ್ಸ್ ಕಾರ್ಖಾನೆಯಲ್ಲಿ ಲಾರಿಗೆ ಮಾಲು ತುಂಬುವ ಕಟ್ಟೆಯ ಮೇಲೆ ಅಕ್ಕ ಪೆಟ್ಟಿಗೆ ಎತ್ತಿ ಒಯ್ಯುವ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದಳು. ತಂಗಿ ಲಾರಿಯೊಳಗೆ ನಿಂತು ಪೆಟ್ಟಿಗೆ ಜೋಡಿಸುತ್ತಿದ್ದಳು. ತುಂಬಿದ ಮೇಲೆ ಲಾರಿಯ ಮೈಗೆ ಯಾರಾದರೂ ದಬದಬ ಬಡಿದರೆ ಡ್ರೈವರ್ ಹೊರಡುವುದು ಅಲ್ಲಿನ ರೂಢಿ.

ಅಂದು ಬೆಳಿಗ್ಗೆ ಯಾರೋ ಪಕ್ಕದ ಲಾರಿಗೆ ಬಡಿದರು. ಈ ಲಾರಿಯ ಡ್ರೈವರ್, ಎಲ್ಲರ ಬಾಯಲ್ಲೂ ‘ಮೀಸೆ ಮಾವ’, ಅದು ತನಗೇ ಎಂದುಕೊಂಡು ಗಾಡಿ ಹೊರಡಿಸಿದ.

ಅಕ್ಕನ ಫೋರ್ಕ್‌ಲಿಫ್ಟಿನ ಮುಂದಿನ ಚಕ್ರಗಳು ಆಗಷ್ಟೇ ಲಾರಿಯೊಳಗೆ ಹೋಗಿದ್ದವು. ಹಿಂದಿನವು ಇನ್ನೂ ಕಟ್ಟೆಗೂ ಲಾರಿಗೂ ನಡುವೆ ಹಾಸಿದ್ದ ಕಬ್ಬಿಣದ ಹಲಗೆಯ ಮೇಲಿದ್ದವು. ಲಾರಿ ಜಗ್ಗಿತು. ಹಲಗೆ ಜಾರಿತು. ಫೋರ್ಕ್‌ಲಿಫ್ಟಿನ ಹಿಂಭಾಗ ಸಂದಿಗೆ ಕುಸಿದು ಮೂತಿ ಮೇಲೆದ್ದಿತು. ಹೊತ್ತಿದ್ದ ಪೆಟ್ಟಿಗೆಗಳು ಅವಳತ್ತ ವಾಲಿದವು.

ಹಾರಿಬಿಡಲು ಅವಳ ಕೈ ಬೆಲ್ಟಿನತ್ತ ಹೋಯಿತು. ‘ವಾಲಿದ್ರೆ ಹಾರ್ಬೇಡ, ಹಾರಿದವ್ರ ಮೇಲೇ ಗಾಡಿ ಬೀಳೋದು’ ಎಂದು ಗಾಡಿ ಓಡಿಸಲು ಕಲಿಸಿದಾತ ಹೇಳಿದ್ದು ನೆನಪಾಗಿ ಸ್ಟೀರಿಂಗನ್ನೇ ತಬ್ಬಿದಳು.

ಒಳಗಿದ್ದ ತಂಗಿ, "ಮಾವಾ, ನಿಲ್ಸಿ! ನಿಲ್ಸಿ!" ಎಂದು ಕಿರುಚುತ್ತ ಕ್ಯಾಬಿನ್ ಕಡೆಯ ತಗಡಿಗೆ ಬಡಿಯತೊಡಗಿದಳು.

ಮಾವನಿಗೆ ಕಿರುಚಾಟ ಕೇಳಲಿಲ್ಲ, ಬಡಿತವಷ್ಟೇ ಕೇಳಿತು. ಅವಸರ ಮಾಡುತ್ತಿದ್ದಾರೆಂದು ಆಕ್ಸಿಲರೇಟರ್ ಇನ್ನಷ್ಟು ಒತ್ತಿದ.

"ಬಡೀಬೇಡ್ವೇ! ನಿನ್ ದಮ್ಮಯ್ಯ, ಬಡೀಬೇಡ!"

ಅಕ್ಕನ ಕೂಗು ಆ ಬಡಿತದಲ್ಲಿ ಮುಳುಗಿಹೋಯಿತು. ಹಾರ್ನಿನ ಮೇಲೆ ಅಂಗೈ ಊರಿ, ಎತ್ತದೆ ಹಿಡಿದಳು. ಒಂದು ಪೆಟ್ಟಿಗೆ ಜಾರಿ ತಲೆಯ ಮೇಲೆ ಗಾಡಿಗಿದ್ದ ಕಾವಲು ಸರಳುಗಳಿಗೆ ಅಪ್ಪಳಿಸಿತು. ಕಣ್ಣು ಮುಚ್ಚಿದಳು. ಕೈ ಮಾತ್ರ ತೆಗೆಯಲಿಲ್ಲ.

ಲಾರಿ ನಿಂತಿತು.

ಎಲ್ಲರೂ ಸೇರಿ ಅವಳನ್ನು ಕೆಳಗಿಳಿಸಿದರು. ಓಡಿ ಬಂದ ಮೀಸೆ ಮಾವ ಸಂದಿಯನ್ನು ನೋಡಿ ಅಲ್ಲೇ ಕುಸಿದು ಕೂತ. "ನನ್ ಲಾರಿಗೇ ಬಡಿದ್ರು ಅನ್ಕೊಂಡೆ ತಾಯಿ."

"ಯಾರಿಗೂ ಏನೂ ಆಗಿಲ್ವಲ್ಲ, ಇನ್ಮೇಲೆ ಹುಷಾರಾಗಿರಿ," ಎಂದ ಸೂಪರ್‌ವೈಸರ್.

"ಹುಷಾರಾಗೇ ಇದ್ವಿ ಸಾರ್." ಅಕ್ಕ ತಂಗಿಯನ್ನು ಪಕ್ಕಕ್ಕೆ ಎಳೆದುಕೊಂಡಳು. "ತುಂಬಿ ಮುಗಿಯೋವರ್ಗೂ ಲಾರಿ ಕೀ ನನ್ ಹತ್ರ ಇರ್ಲಿ. ಇಲ್ದಿದ್ರೆ ನಾನೂ ಹತ್ತಲ್ಲ, ಇವಳನ್ನೂ ಹತ್ಸಲ್ಲ."

"ಡ್ರೈವರ್‌ಗಳು ಒಪ್ಬೇಕಲ್ಲಮ್ಮ?"

ಮೀಸೆ ಮಾವ ಎದ್ದು ಹೋಗಿ ಕೀ ತಂದು ಅವಳ ಕೈಗಿಟ್ಟ.

ಉಳಿದವರೂ ಕೊಡತೊಡಗಿದರು. "ಮನೆ ಬೀಗದ ಕೈನೂ ಇಟ್ಕೊಳ್ಳಿ ಅಕ್ಕಾ, ಹೆಂಡ್ತಿ ಕಾಟ ತಪ್ಪತ್ತೆ," ಎಂದು ಒಬ್ಬ ರೇಗಿಸಿದ. ಅವಳಿಗೆ ನಗು ಬರಲಿಲ್ಲ. ಮೂರು ದಿನ ಫೋರ್ಕ್‌ಲಿಫ್ಟ್ ಮುಟ್ಟಲೂ ಆಗಲಿಲ್ಲ.

ನಾಲ್ಕನೆಯ ದಿನ ಹಲಗೆಯ ಅಂಚಿನವರೆಗೆ ಬಂದು ಬ್ರೇಕ್ ಒತ್ತಿದಳು. ಜೇಬಿನಲ್ಲಿದ್ದ ಲಾರಿ ಕೀಯನ್ನು ಮುಟ್ಟಿ ನೋಡಿಕೊಂಡಳು.

"ಬಾ ಅಕ್ಕಾ, ನಾನಿದೀನಲ್ಲ," ಎಂದಳು ಒಳಗಿಂದ ತಂಗಿ.

"ನೀನಿರೋದಕ್ಕೇ ಕಣೇ ಭಯ," ಎನ್ನುತ್ತ ಅಕ್ಕ ನಿಧಾನವಾಗಿ ಮುಂದೆ ಬಿಟ್ಟಳು.