ಪಾಲಿಶ್ ಇಲ್ಲದ ವಿಮಾನ

ಪಾಲಿಶ್‌ನವರ ಕೈ ಸುಮ್ಮನಿರುವ ಜಾತಿಯದಲ್ಲ. ಯಾರ ಮನೆಗೇ ಹೋಗಲಿ, ಕೊಟ್ಟ ಕಾಫಿ ಆರಿ ತಣ್ಣಗಾದರೂ ಸರಿ, ಮೊದಲು ಆ ಮನೆಯ ಮೇಜಿನ ಅಂಚಿನ ಮೇಲೆ ಬೆರಳಾಡಿಸಿಯೇ ಸೈ. ಒಮ್ಮೆ ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋದವರು, ಸರದಿ ಬರುವಷ್ಟರಲ್ಲಿ ಅಲ್ಲಿದ್ದ ಬೆಂಚಿನ ಅಲುಗಾಡುವ ಕಾಲಿಗೆ ಬೆಣೆ ಹೊಡೆದು, ಅದು ಗಟ್ಟಿಯಾಗಿ ನಿಂತ ಖುಷಿಯಲ್ಲಿ ಹಾಗೇ ಮನೆಗೆ ಬಂದುಬಿಟ್ಟಿದ್ದರು. "ಹಲ್ಲು ಏನಾಯ್ತು ರೀ?" ಎಂದು ಹೆಂಡತಿ ಕೇಳಿದಾಗಲೇ ದವಡೆ ಹಿಡಿದುಕೊಂಡದ್ದು.

ಹಾಗಂತ ಅವರ ಕೆಲಸದ ಬಗ್ಗೆ ಎರಡು ಮಾತಿಲ್ಲ. ಮರದ ಸಾಮಾನಿಗೆ ಅರಗಿನ ಪಾಲಿಶ್ ಹಾಕುವುದು ಅವರ ಕಸುಬು. ಅವರು ಉಜ್ಜಿದ ಬೀರುವಿನ ಬಾಗಿಲಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎಂದು ಜನ ಹೇಳುತ್ತಿದ್ದರು. ಕೇಳಿ ಅವರು ಉಬ್ಬುತ್ತಿದ್ದರು. ಉಬ್ಬಲಿ ಬಿಡಿ, ದುಡಿದ ಕೈಗೆ ಅಷ್ಟೂ ಬೇಡವೇ? ತೊಂದರೆ ಏನೆಂದರೆ, ಆ ಕೈ ಮನೆಗೆ ಬಂದ ಮೇಲೂ ರಜೆ ತೆಗೆದುಕೊಳ್ಳುತ್ತಿರಲಿಲ್ಲ. ಇದ್ದವಳು ಒಬ್ಬಳೇ ಮಗಳು. ಅವಳ ಪುಸ್ತಕಕ್ಕೆ ರಟ್ಟು ಹಾಕಿದ್ದು ಅವರು, ಪೆನ್ಸಿಲ್ ಕೆತ್ತಿಕೊಟ್ಟದ್ದು ಅವರು. ಶಾಲೆಯ ಕರಕುಶಲ ಸ್ಪರ್ಧೆಗೆಂದು ಅವಳು ಕಷ್ಟಪಟ್ಟು ಅಂಟಿಸಿದ್ದ ಸೊಟ್ಟ ಮರದ ಮನೆಯನ್ನು, ಅವಳು ಆಡಲು ಹೋದಾಗ ಬಿಚ್ಚಿ ಹೊಸದಾಗಿ ಕಟ್ಟಿದ್ದೂ ಅವರೇ. ಅದಕ್ಕೆ ಮೊದಲ ಬಹುಮಾನ ಬಂತು. ಮಗಳ ಹೆಸರು ಕೆತ್ತಿದ ಆ ಕಪ್ ನಡುಮನೆಯ ಗಾಜಿನ ಕಪಾಟಿನಲ್ಲಿತ್ತು. ವಾರಕ್ಕೊಮ್ಮೆ ಅದನ್ನು ಒರೆಸಿ, ಬಂದವರಿಗೆಲ್ಲ "ನನ್ನ ಮಗಳದ್ದು" ಎಂದು ತೋರಿಸುವುದು ಅವರಿಗೆ ಎಲ್ಲಿಲ್ಲದ ಸಂಭ್ರಮ.

ಮಗಳೀಗ ಬೆಳೆದು ನಿಂತವಳು, ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಹೊಸ ಕನ್ನಡಕ ಕೊಡಲೆಂದು ಹಳೇ ಗಿರಣಿಯ ಹಿಂದಿನ ಮೈದಾನಕ್ಕೆ ಹೋದಳು. ಗಿರಾಕಿ ನಿವೃತ್ತ ಗಣಿತದ ಮೇಷ್ಟ್ರು. ಸದಾ ಬೆರಳಿಗೆ ದಾರದ ಎಳೆ ಕಟ್ಟಿಕೊಂಡು ಗಾಳಿ ನೋಡುತ್ತಾರೆಂದು ಎಲ್ಲರೂ ಅವರನ್ನು ಗಾಳಿ ಮೇಷ್ಟ್ರು ಅನ್ನುತ್ತಿದ್ದರು. ಕನ್ನಡಕ ಏರಿಸಿಕೊಂಡ ಅವರು ಕಡ್ಡಿ, ಕಾಗದಗಳ ಒಂದು ಪುಟ್ಟ ವಿಮಾನ ಎತ್ತಿಕೊಂಡರು. ಅದನ್ನು ಜೊತೆಗಾರರೊಬ್ಬರ ಕೈಗೆ ಹಿಡಿಸಿ, ಹೊಟ್ಟೆಯೊಳಗಿನ ರಬ್ಬರ್ ಎಳೆಗಳನ್ನು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಹುರಿ ಮಾಡಿ, ಮೆಲ್ಲಗೆ ಗಾಳಿಗೆ ಒಪ್ಪಿಸಿದರು. ಎಂಜಿನ್ ಇಲ್ಲ, ರಿಮೋಟ್ ಇಲ್ಲ, ಹಿಡಿದೆಳೆಯಲು ದಾರವೂ ಇಲ್ಲ. ಹುರಿ ಬಿಚ್ಚಿಕೊಂಡಂತೆ ಮೂತಿಯ ರೆಕ್ಕೆ ತಿರುಗಿತು, ವಿಮಾನ ಸುತ್ತು ಹಾಕುತ್ತ ಮೇಲೇರಿತು. ಕೈ ಬಿಟ್ಟ ಮೇಲೆ ಅದರ ಪಾಡು ಅದಕ್ಕೆ. ಹುಡುಗಿ ಬಾಯಿ ತೆರೆದವಳು ಮುಚ್ಚಲಿಲ್ಲ.

ಅಂದೇ ಹೂವಿನಷ್ಟು ಹಗುರಾದ ಬಾಲ್ಸಾ ಮರದ ಕಡ್ಡಿಗಳ ಕಟ್ಟು ಮನೆಗೆ ಬಂತು. ಪಾಲಿಶ್‌ನವರು ಕಣ್ಣರಳಿಸಿ ಕೈ ಚಾಚಿದರು. ಮಗಳು ಕಟ್ಟನ್ನು ಬೆನ್ನ ಹಿಂದೆ ಹಿಡಿದಳು.

"ಅಪ್ಪ, ಇದೊಂದನ್ನ ನಾನೊಬ್ಬಳೇ ಮಾಡಬೇಕು."

"ಮಾಡಮ್ಮ, ಬೇಡ ಅಂದವರು ಯಾರು?"

"ನೀನು ಬೇಡ ಅನ್ನಲ್ಲ. ಮಾಡಿಬಿಡ್ತೀಯ, ಅದೇ ತೊಂದರೆ."

ಒಳಗಿಂದ ಹೆಂಡತಿ ನಕ್ಕದ್ದು ನಡುಮನೆಗೆ ಕೇಳಿಸಿತು.

ಮೈದಾನದಲ್ಲಿ ಇಂಥ ವಿಮಾನ ಹಾರಿಸುವ ಬಳಗದವರದ್ದು ಒಂದು ಪದ್ಧತಿ ಇತ್ತು. ಹೊಸಬರು ಮೊದಲ ಸಲ ಗಡಿಯಾರದ ಲೆಕ್ಕಕ್ಕೆ ಹಾರಿಸುವ ಮುಂಚೆ ಎಲ್ಲರೆದುರು ನಿಂತು, ವಿಮಾನವನ್ನು ತಲೆಯ ಮೇಲೆತ್ತಿ, "ಇದನ್ನು ಕಟ್ಟಿದ್ದು ನಾನು" ಎಂದು ಹೇಳಬೇಕು. ಆಮೇಲೆ ಅದು ಒಂದು ನಿಮಿಷ ಗಾಳಿಯಲ್ಲಿದ್ದರೆ ಅವರು ಬಳಗಕ್ಕೆ ಸೇರಿದ ಹಾಗೆ. ಮಗಳು ಇದನ್ನು ಊಟದ ಹೊತ್ತಿಗೆ ಹೇಳಿದಾಗ ಅವಳ ಕಣ್ಣು ಹೊಳೆಯುತ್ತಿತ್ತು. ಆ ಒಂದು ಮಾತನ್ನು ಗಟ್ಟಿಯಾಗಿ ಹೇಳಲಿಕ್ಕೇ ಅವಳು ಇಷ್ಟೆಲ್ಲ ಮಾಡುತ್ತಿದ್ದಾಳೆಂದು ತಾಯಿಗೆ ಗೊತ್ತಾಯಿತು. ತಂದೆ ಮಾತ್ರ ಆ ಕಡ್ಡಿಗೆ ಯಾವ ಉಪ್ಪುಕಾಗದ ಹಾಕಿ ಉಜ್ಜಿದರೆ ಸರಿ ಎಂದು ಯೋಚಿಸುತ್ತಿದ್ದರು.

ಅವಳು ಊಟದ ಮೇಜಿನ ಮೇಲೆ ನಕ್ಷೆ ಹರವಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗೆರೆಗೆ ಸರಿಯಾಗಿ ಕಡ್ಡಿಗಳನ್ನು ಗುಂಡುಸೂಜಿಯಲ್ಲಿ ನಿಲ್ಲಿಸಿ ಅಂಟಿಸಿದಳು. ಅಂಟು ಹೆಚ್ಚಾಗಿ ಕೀಲುಕೀಲಿನಲ್ಲೂ ಗಡ್ಡೆಗಟ್ಟಿತು. ತೆಳ್ಳನೆಯ ಟಿಶ್ಯೂ ಕಾಗದ ಹೊದಿಸುವಾಗ ಒಂದು ಕಡೆ ಹರಿದು ತೇಪೆ ಬಿತ್ತು. ನೀರು ಚಿಮುಕಿಸಿ ಒಣಗಿಸಿದ ಮೇಲೆ ಕಾಗದ ಬಿಗಿಯಾಗಿ ಕೂತಿತು, ಬೆರಳಲ್ಲಿ ತಟ್ಟಿದರೆ ಟಣ್ ಅನ್ನುವಷ್ಟು. ಮಹಡಿಯ ಮೊಗಸಾಲೆಯಲ್ಲಿ ಮೆಲ್ಲಗೆ ತೇಲಿಬಿಟ್ಟು ನೋಡಿದಳು. ಮೂತಿ ಎತ್ತಿ ಕುಸಿದಾಗ ಮೂತಿಗೆ ಚಿಟಿಕೆ ಜೇಡಿಮಣ್ಣು ಮೆತ್ತಿದಳು, ಮುಗ್ಗರಿಸಿದಾಗ ಕಿತ್ತಳು, ಮತ್ತೆ ಮೆತ್ತಿದಳು. ಕೊನೆಗೊಂದು ಸಂಜೆ ಅದು ಮೊಗಸಾಲೆಯ ಉದ್ದಕ್ಕೂ ಜಾರಿ ಹೋಗಿ, ಬೆಕ್ಕು ಕೂತ ಹಾಗೆ ಸದ್ದಿಲ್ಲದೆ ನೆಲಕ್ಕಿಳಿಯಿತು. ಪಾಲಿಶ್‌ನವರು ನೋಡಿದರು. ಅದು ಹಾರಿದ್ದು ಕಣ್ಣಿಗೆ ಬೀಳಲಿಲ್ಲ, ಅಂಟಿನ ಗಡ್ಡೆ ಬಿತ್ತು.

ಶನಿವಾರ ಮಗಳು ಅಂಗಡಿಗೆ, ಹೆಂಡತಿ ಪೇಟೆಗೆ. ಮರುದಿನ ಮೈದಾನ. ಬೀರುವಿನ ಮೇಲೆ ವಿಮಾನದ ಪೆಟ್ಟಿಗೆ. ಒಂದೇ ಒಂದು ಗಡ್ಡೆ ಉಜ್ಜಿಬಿಡೋಣ ಎಂದು ಅವರು ಕೆಳಗಿಳಿಸಿದರು. ಒಂದು ಉಜ್ಜಿದ ಮೇಲೆ ಪಕ್ಕದ್ದು ಇನ್ನೂ ಅಸಹ್ಯವಾಗಿ ಕಾಣುವುದಿಲ್ಲವೇ? ಗಡ್ಡೆಗಳು ಹೋದವು. ಆಮೇಲೆ ಆ ಮಾಸಲು ಕಾಗದ ಕಣ್ಣಿಗೆ ಚುಚ್ಚತೊಡಗಿತು. ಮೆತ್ತನೆ ಬಟ್ಟೆಯ ಉಂಡೆ ಮಾಡಿ, ಒಂದು ಕೈ ತೆಳ್ಳಗೆ ಅರಗು ಸವರಿದರು. ಒಣಗಿತು, ಇನ್ನೊಂದು ಕೈ. ಅಯ್ಯೋ, ಏನು ಮಿಂಚು ಅದು! ಅಪ್ಪಟ ಜೇನಿನ ಬಣ್ಣ. ನಾಳೆ ನನ್ನ ಮಗಳು ಇದನ್ನೆತ್ತಿ ನಿಂತರೆ ಮೈದಾನವೆಲ್ಲ ಕಣ್ಣು ಕೀಲಿಸಿ ನೋಡಬೇಕು, ಅಂದುಕೊಂಡರು.

ನೋಡಿತು, ಸುಳ್ಳಲ್ಲ. ಮಗಳು ಪೆಟ್ಟಿಗೆ ತೆರೆದದ್ದೇ ತಡ, ಎಲ್ಲರೂ ಸುತ್ತುಗಟ್ಟಿದರು. "ಎಂಥ ಕೆಲಸ ಮಾರಾಯ್ರೆ" ಎಂದರು ಒಬ್ಬರು. ಪಾಲಿಶ್‌ನವರು ಹಿಂದೆ ನಿಂತು ಹಿಗ್ಗುತ್ತಿದ್ದರು. ಮಗಳ ಮುಖ ನೋಡಿದಾಗ ಹಿಗ್ಗು ಅಲ್ಲೇ ನಿಂತಿತು. ಅವಳು ಯಾರದೋ ಮನೆಯ ವಸ್ತು ತನ್ನ ಚೀಲದಲ್ಲಿ ಸಿಕ್ಕಂತೆ ಅದನ್ನು ನೋಡುತ್ತಿದ್ದಳು.

"ಹೇಳಮ್ಮ" ಎಂದರು ಗಾಳಿ ಮೇಷ್ಟ್ರು, ಗಡಿಯಾರ ಹಿಡಿದು.

ಅವಳು ವಿಮಾನ ಎತ್ತಲೇ ಇಲ್ಲ. "ಹೇಳಕ್ಕಾಗಲ್ಲ ಮೇಷ್ಟ್ರೆ. ಇದು ಪೂರ್ತಿ ನನ್ನದಲ್ಲ" ಎಂದಳು.

ಮೇಷ್ಟ್ರು ರೆಕ್ಕೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಲೆಕ್ಕಕ್ಕಿಲ್ಲದೆ ಒಮ್ಮೆ ಬಿಟ್ಟು ನೋಡೋಣ ಎಂದರು. ಅರಗು ಒಣಗುವಾಗ ಕಾಗದವನ್ನು ಜಗ್ಗಿ ರೆಕ್ಕೆಯನ್ನೇ ತಿರುಚಿಬಿಟ್ಟಿತ್ತು, ತೂಕ ಬೇರೆ. ಅವಳು ಬಿಟ್ಟಳು. ವಿಮಾನ ಒಂದು ಪಕ್ಕಕ್ಕೆ ಮಗುಚಿ ನೆಟ್ಟಗೆ ಹುಲ್ಲಿಗೆ ಬಡಿಯಿತು. ಪಳಪಳ ಹೊಳೆಯುವ ರೆಕ್ಕೆ ಎರಡು ತುಂಡು. ಪಾಲಿಶ್‌ನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಾಗೇ ಹೊರಗೆ ನೋಡುತ್ತಲೇ ಹೇಳಿದಳು: "ತುಂಬಾ ಚೆನ್ನಾಗಿತ್ತು ಅಪ್ಪ. ಅಷ್ಟು ಚೆಂದ ನನ್ನ ಕೈಲಿ ಈ ಜನ್ಮದಲ್ಲಿ ಆಗಲ್ಲ."

"ಹಾಳು ಮಾಡಬೇಕು ಅಂತ ಮಾಡಲಿಲ್ಲ ಕಣಮ್ಮ."

"ಗೊತ್ತು. ನೀನು ಯಾವತ್ತೂ ಹಾಳು ಮಾಡಿಲ್ಲ, ಗೆದ್ದುಕೊಟ್ಟಿದ್ದೀಯ. ಆ ಕಪ್ ಕಂಡಾಗೆಲ್ಲ ನಾನು ಮುಖ ತಿರುಗಿಸಿಕೊಳ್ತೀನಿ. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು, ಆ ಮನೆಗೆ ಕಿಟಕಿ ಎಷ್ಟಿದೆ ಅಂತಲೂ ಗೊತ್ತಿಲ್ಲದೆ ನಾನು ನಿಂತಿದ್ದೆ." ಅವಳು ಅಪ್ಪನ ಕಡೆ ತಿರುಗಿದಳು. "ನನ್ನದು ಅಂತ ಒಂದಾದರೂ ಇರಲಿ ಅಪ್ಪ. ಸೊಟ್ಟಗಿದ್ದರೂ ಪರವಾಗಿಲ್ಲ."

ಇಷ್ಟು ವರ್ಷ ಪಾಲಿಶ್‌ನವರು ಅವಳ ಹೆಮ್ಮೆಯೆಂದು ಒರೆಸಿದ್ದು ಅವಳ ನಾಚಿಕೆಯನ್ನು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕಪಾಟು ತೆರೆದು ಕಪ್ಪನ್ನು ತೆಗೆದು ಅಟ್ಟಕ್ಕೆ ಹಾಕಿದರು. ಹೆಂಡತಿ ಬಾಗಿಲು ಹಿಡಿದುಕೊಂಡು ನೋಡುತ್ತ ನಿಂತಿದ್ದಳು.

ಮಗಳು ಎರಡನೆಯದನ್ನು ಶುರು ಮಾಡಿದಳು. ಈಗ ಶುರುವಾಯಿತು ನೋಡಿ ಅಪ್ಪನ ಪಾಡು. ಮೇಜಿನ ಮೇಲೆ ಅಂಟು ಗಡ್ಡೆಗಟ್ಟುತ್ತಿದೆ, ಇವರ ಬೆರಳು ತುರಿಸುತ್ತಿದೆ. ಎದ್ದು ಹೋಗಿ ಅಡುಗೆಮನೆಯ ಮಣೆಗೆ ಪಾಲಿಶ್ ಹಾಕಿದರು. ಮಣೆ ಮುಗಿಯಿತು, ಬಾಗಿಲ ಚೌಕಟ್ಟು ಹಿಡಿದರು. ಅದೂ ಮುಗಿದ ಮೇಲೆ ಕಟ್ಟಡದ ಮೆಟ್ಟಿಲ ಮರದ ಕಟಕಟೆಗೆ ಇಳಿದರು. ಮೂರು ಮಹಡಿಯ ಕಟಕಟೆ ಕನ್ನಡಿಯಾಯಿತು. ಕೆಳಮನೆಯ ಮುದುಕಿ ಹಿಡಿದುಕೊಳ್ಳಲು ಹೋದರೆ ಕೈ ಜಾರುತ್ತದೆಂದು ಬೈದಳು.

"ಇನ್ನೇನು ಉಳಿದಿದೆ ರೀ?" ಎಂದಳು ಹೆಂಡತಿ. "ನನ್ನ ತಲೆಗೂ ಒಂದು ಕೈ ಹಾಕಿಬಿಡಿ."

"ಹತ್ತಿರ ಬರಬೇಡ ಕಣೇ, ಹಾಕಿಯೇಬಿಟ್ಟೇನು."

ಒಂದು ಸಂಜೆ ಕಷ್ಟವೇ ಬಂತು. ರೆಕ್ಕೆಯೊಳಗಿನ ಒಂದು ಕಡ್ಡಿ ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದು ದೂರದಿಂದಲೇ ಅವರ ಕಣ್ಣಿಗೆ ಬಿತ್ತು. ಮಗಳಿಗೆ ಕಂಡಿರಲಿಲ್ಲ. ಹೇಳಲೇ, ಬೇಡವೇ? ಹೇಳಿದರೂ ಕೈ ಹಾಕಿದ ಹಾಗೇ ಅಲ್ಲವೇ? ತುಟಿ ಕಚ್ಚಿಕೊಂಡು ಅಂಗಿ ತೊಟ್ಟು ಬೀದಿಗಿಳಿದರು. ಊರೆಲ್ಲ ಸುತ್ತಿ ಬಂದು ನೋಡಿದರೆ ಅವಳು ಆ ಕಡ್ಡಿಯನ್ನು ಕಿತ್ತು ಹೊಸದು ಕೂರಿಸುತ್ತಿದ್ದಳು, ತಾನಾಗಿ ಕಂಡುಕೊಂಡು. ಪಾಲಿಶ್‌ನವರು ಒಳಗೆ ಹೋಗಿ ಎರಡು ತುತ್ತು ಜಾಸ್ತಿ ಉಂಡರು.

ಮೈದಾನಕ್ಕೆ ಈ ಸಲ ಮೂವರೂ ಹೋದರು. ಗಾಳಿ ಇಲ್ಲದ ಬೆಳಗು, ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಮಗಳು ಪೆಟ್ಟಿಗೆ ತೆರೆದಳು. ಕೀಲಿನಲ್ಲಿ ಗಡ್ಡೆ, ರೆಕ್ಕೆಗೆ ತೇಪೆ, ಬಾಲದ ಕಾಗದಕ್ಕೆ ನೆರಿಗೆ. ಈ ಸಲ ಯಾರೂ ಸುತ್ತುಗಟ್ಟಲಿಲ್ಲ. ಅವಳು ರಬ್ಬರ್‌ಗೆ ಹರಳೆಣ್ಣೆ ಸವರಿ, ಒಂದು ತುದಿ ಹ್ಯಾಂಡಲ್‌ಗೆ ಸಿಕ್ಕಿಸಿದಳು. ಹುರಿ ಮಾಡುವಾಗ ಇನ್ನೊಬ್ಬರು ವಿಮಾನವನ್ನು ಹಿಡಿದುಕೊಂಡಿರಬೇಕು. ಅವಳು ಸುತ್ತ ನೋಡಿ, ಮೆಲ್ಲಗೆ ನಕ್ಕಳು.

"ಅಪ್ಪ, ಹಿಡ್ಕೊಳ್ತೀಯಾ?"

ಕೇಳಬೇಕೇ? ಹದಿನಾಲ್ಕು ಲೋಕವೂ ಸಿಕ್ಕಷ್ಟು ಹಿಗ್ಗಾಯಿತು. ಆದರೂ ಚಾಚಿದ ಎರಡೂ ಕೈಯನ್ನು ಪಾಲಿಶ್‌ನವರು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡರು. "ನಿಮ್ಮಮ್ಮ ಹಿಡೀಲಿ" ಎಂದರು. ಹೆಂಡತಿ ಅವರನ್ನೊಮ್ಮೆ ನೋಡಿ ಮುಂದೆ ಬಂದು ಹಿಡಿದುಕೊಂಡಳು. ರಬ್ಬರ್ ಗಂಟುಗಂಟಾಗಿ ಹುರಿಗೊಂಡಿತು.

ಮಗಳು ವಿಮಾನವನ್ನು ತಲೆಯ ಮೇಲೆತ್ತಿದಳು. "ಇದನ್ನು ಕಟ್ಟಿದ್ದು ನಾನು" ಎಂದಳು. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಮನೆಯವರು ಕೇಳಿರಲಿಲ್ಲ.

ಎಸೆಯಲಿಲ್ಲ, ಸುಮ್ಮನೆ ಬೆರಳು ಸಡಿಲಿಸಿದಳು. ವಿಮಾನ ಒಮ್ಮೆ ತಗ್ಗಿತು, ಪಾಲಿಶ್‌ನವರ ಎದೆಯೂ ತಗ್ಗಿತು. ಆಮೇಲೆ ಎಡಕ್ಕೆ ಬಾಗಿ ಏರತೊಡಗಿತು. ಜನರ ತಲೆಯ ಮೇಲೆ ಒಂದು ಸುತ್ತು, ಗಿರಣಿಯ ಗೋಡೆಯ ಎತ್ತರಕ್ಕೆ ಇನ್ನೊಂದು. ರಬ್ಬರ್ ಮುಗಿದು ಮೂತಿಯ ರೆಕ್ಕೆ ನಿಂತ ಮೇಲೂ ಅದಕ್ಕೆ ಇಳಿಯುವ ಅವಸರವಿರಲಿಲ್ಲ. ಬಿಸಿಲು ಹಾಯ್ದು ತೇಪೆ, ಗಡ್ಡೆ, ನೆರಿಗೆ ಎಲ್ಲವೂ ನೆಲದಿಂದ ಒಂದೊಂದಾಗಿ ಕಾಣುತ್ತಿದ್ದವು. ಪಾಲಿಶ್‌ನವರಿಗೆ ಅದರಲ್ಲಿ ಒಂದನ್ನೂ ಬಿಡಿಸಿ ನೋಡಲಾಗಲಿಲ್ಲ, ಕಣ್ಣು ಮಂಜಾಗಿತ್ತು.

"ನಿಮಿಷ ಆಯ್ತು" ಎಂದರು ಗಾಳಿ ಮೇಷ್ಟ್ರು. ವಿಮಾನ ಇನ್ನೂ ಮೇಲೆಯೇ ಇತ್ತು. ಮಗಳು ಅದರ ಹಿಂದೆ ಹುಲ್ಲಿನಲ್ಲಿ ಓಡುತ್ತಿದ್ದಳು, ಶಾಲೆಗೆ ಹೋಗುವ ಹುಡುಗಿಯಂತೆ.

ಮೇಷ್ಟ್ರು ಗಡಿಯಾರ ಜೇಬಿಗಿಟ್ಟು ಪಕ್ಕಕ್ಕೆ ತಿರುಗಿದರು. "ಏನು ಪಾಲಿಶ್‌ನವರೇ, ಆ ಅಂಟಿನ ಗಡ್ಡೆ ನೋಡಿದ್ರೆ ನಿಮ್ಮ ಮನೆಯ ವಿಮಾನ ಅಂತ ಯಾರಾದರೂ ನಂಬ್ತಾರಾ?"

ಬೆನ್ನ ಹಿಂದೆ ಕಟ್ಟಿದ ಕೈ ಹಾಗೇ ಇತ್ತು. ಪಾಲಿಶ್‌ನವರು ಎದೆ ಸೆಟೆಸಿ ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ ಹೇಳಿದರು.

"ನಾನು ಮುಟ್ಟೇ ಇಲ್ಲ ಮೇಷ್ಟ್ರೆ. ಒಂದು ಬೆರಳೂ ಇಟ್ಟಿಲ್ಲ."