ಸಬ್ಜಾದ ಕಡ

ಬಂದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಸಿಂದಗಿಯ ದಾರಿ ಹಿಡಿದಿದ್ದರು. ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ಅಳದೆ ಬೆಳಗಾದದ್ದು ಅಂದೇ ಮೊದಲು. ಬಾವಿಯ ಗಾಲಿ ಕಿರುಗುಟ್ಟಿತು. ಎದುರು ಮನೆಯ ಎಮ್ಮೆ ಕೂಗಿತು. ಅತ್ತೆ ದುರ್ಗವ್ವ ಬಾಗಿಲಲ್ಲಿ ನಿಂತು, "ಹೊತ್ತ ನೆತ್ತಿಗೆ ಬಂತು. ಮಾರಿ ತೊಳಕೊ ಏಳು, ನಿನ್ನ ಮಾರಿ ನಾ ತೊಳ್ಯಾಕ ಬರತೈತೇನು?" ಎಂದಳು.

ರೇಣವ್ವ ಎದ್ದಳು. ಗಂಡ ಮಾನಪ್ಪ ಮಾಸ್ತರ ದಿನಾ ಮುಖ ತೊಳೆದು ಉಳಿದ ನೀರನ್ನು ಬಚ್ಚಲ ಪಕ್ಕದ ಸಬ್ಜಾ ಗಿಡಕ್ಕೆ ಚೆಲ್ಲುತ್ತಿದ್ದ. ಅವಳೂ ಅಲ್ಲೇ ಚೆಲ್ಲಿದಳು. ನೀರು ಬಿದ್ದದ್ದೇ ಗಿಡದ ವಾಸನೆ ಮೇಲೆದ್ದು ಅಂಗಳವೆಲ್ಲ ತುಂಬಿತು. ಮುಂಗಾರಿನ ಮೊದಲ ಮಿರಗದ ಮಳೆಗೆ ಬೀಜ ತಂದು ಉದುರಿಸಿದವನು ಅವನೇ. "ಬ್ಯಾಸಗ್ಯಾಗ ಶರಬತ್ತಿಗೆ ಬರ್ತೈತಿ" ಎಂದಿದ್ದ. ಬೇಸಿಗೆ ದೂರವಿತ್ತು; ಮಳೆಗಾಲ ಮುಗಿಯುವ ಮೊದಲೇ ಜ್ವರ ಬಂದು ಹೋಗಿಬಿಟ್ಟ.

ಆ ಮಧ್ಯಾಹ್ನ ಅವಳು ಒಂದು ಕುಡಿ ಮುಷ್ಟಿಯಲ್ಲಿ ಹಿಡಿದು ಮಲಗಿದಳು. ಯಾಕೆಂದು ಅವಳಿಗೇ ತಿಳಿಯದು. ಕಣ್ಣು ಹತ್ತಿದ್ದೇ ತಡ ಅವನು ಬಂದ. ಬಿಸಿಲಿಗೆ ಬೆನ್ನು ಮಾಡಿ, ಚೌಕಟ್ಟಿನ ಮೇಲೆ ಕೈಯಿಟ್ಟು, ಹೊಸ್ತಿಲಲ್ಲಿ ನಿಂತಿದ್ದ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಬರಿಗಾಲು. ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ. ಅವಳು ನೋಡುತ್ತಲೇ ಇದ್ದಳು. ಎಚ್ಚರಾದಾಗ ಅಂಗೈ ಗಮಗಮ ಎನ್ನುತ್ತಿತ್ತು.

ಅಂದಿನಿಂದ ಅದೇ ಆಯಿತು. ಎಚ್ಚರಿದ್ದಾಗ ಬಂದವರ ಮಾತು ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿತ್ತು. ಅಳು ಬರುತ್ತಿರಲಿಲ್ಲ, ಹಸಿವೂ ಇಲ್ಲ. ದೇವಣಗಾಂವದ ಹೆಂಗಸರು ಕೆಮ್ಮಿಗೆ, ಕಿವಿನೋವಿಗೆ, ದೃಷ್ಟಿ ತೆಗೆಯಲಿಕ್ಕೆ ಎಲೆ ಕೇಳಿ ಬರುತ್ತಿದ್ದರು. ಮೊದಲು ಗಿಡಕ್ಕೆ ಕೈ ಮುಗಿದು, "ಒಯ್ಯಲೇನವಾ" ಎಂದು ಕೇಳಿ, ಆಮೇಲೆ ಕೀಳುತ್ತಿದ್ದರು. ಅವಳು ಬೇಡವೆನ್ನುತ್ತಿರಲಿಲ್ಲ. ಆದರೆ ಹೂವಿನ ತೆನೆ ತಲೆಯೆತ್ತಿದ ಕೂಡಲೆ ತಾನೇ ಹೋಗಿ ಚಿವುಟುತ್ತಿದ್ದಳು. ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಮುಗಿಸಿದವಳು; ಬೀಜ ಕಟ್ಟಿದರೆ ಸಬ್ಜಾ ಒಣಗಿ ಸಾಯುತ್ತದೆ, ಹೂ ಬಿಡಲು ಬಿಡದಿದ್ದರೆ ಬಹಳ ಕಾಲ ಹಸಿರಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗಿಡ ಇರುವವರೆಗೆ ಅವನೂ ಬರುತ್ತಾನೆ. ಅಷ್ಟು ಸಾಕಿತ್ತು.

ಒಂದು ದಿನ ಹೊಳೆಯ ದಂಡೆಯ ಓಣಿಯ ಬಿಬಿಜಾನ ಬಂದಳು. ಮಕ್ಕಳ ಅಂಜಿಕೆಗೆ, ಬಾಣಂತಿಯರ ನಿದ್ದೆಗೆ ಊರಿಗೆಲ್ಲ ಮದ್ದು ಕೊಡುವ ಮುದುಕಿ. ಬಂದವಳು ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಉದುರಿದ ತೆನೆಗಳನ್ನು ಬೆರಳಿನಿಂದ ಕೆದಕಿದಳು.

"ಏನವಾ ತಂಗಿ, ಯಾವ ಆಡು ಬಾಯಿ ಹಾಕೇತಿ ಇದಕ್ಕ? ಎಲಿ ಬಿಟ್ಟು ಬರೇ ತೆನಿ ತಿನ್ನೂ ಆಡು ನಾ ಎಲ್ಲೂ ಕಂಡಿಲ್ಲ."

"ಒಳಗ ಬಂದ ಕೂಡ್ರಿ ಕಾಕಿ."

"ಕೂಡಾಕ ಬಂದಿಲ್ಲ, ಕೊಟ್ಟ ಕಡ ಕೇಳಾಕ ಬಂದೇನಿ. ಮಾಸ್ತರ ನನ್ನ ಕಡಿಂದ ಚಿಟಿಕಿ ಬೀಜ ಒಯ್ದಿದ್ದ. ಹೊಳಿ ನೀರು ಹಿತ್ತಲಕ್ಕ ಹೊಕ್ಕು ನಮ್ಮ ಗಿಡ ಎಲ್ಲಾ ಕೊಳತು ಹ್ವಾದುವು. ಮಗಳು ಅಬಿದಾನ ಕೂಸು ನಿದ್ದ್ಯಾಗ ಬೆಚ್ಚಿ ಬೆಚ್ಚಿ ಬೀಳಾಕತ್ತೈತಿ. ಬೀಜ ಅರಿವ್ಯಾಗ ಕಟ್ಟಿ ತೊಟ್ಟಿಲಕ್ಕ ಬಿಡಬೇಕು. ಮುಂದಿನ ಮಿರಗಕ್ಕ ಬಿತ್ತಾಕೂ ನನ್ನ ಕಡೆ ಒಂದು ಕಾಳಿಲ್ಲ."

"ಶರಬತ್ತಿಗೆ ತಂದೇನಿ ಅಂದಿದ್ರು."

ಬಿಬಿಜಾನ ಬೊಚ್ಚುಬಾಯಿ ತೆರೆದು ನಕ್ಕಳು. "ಶರಬತ್ತ! 'ನಮ್ಮಾಕಿ ನಿದ್ದ್ಯಾಗ ಅಂಜಿ ಒದರತಾಳ ಕಾಕಿ, ಕಲತಾಕಿ, ತಾಯತ ಕಟ್ಟಿದ್ರ ಹರದ ಒಗಿತಾಳ' ಅಂದ. ನಿನಗ ಗೊತ್ತಾಗಲಾರದಂಗ ತಲದಿಂಬಿನಾಗ ಎಲಿ ಇಡತಿದ್ದ ಹುಚ್ಚಪ್ಪ."

ಆ ಮಳೆಗಾಲದಲ್ಲಿ ತಾನು ಬೆಚ್ಚದೆ ಮಲಗಿದ್ದು ರೇಣವ್ವನಿಗೆ ಆಗ ಹೊಳೆಯಿತು. ಊರು ಒಗ್ಗಿತು ಎಂದುಕೊಂಡಿದ್ದಳು.

ಮುದುಕಿ ದನಿ ತಗ್ಗಿಸಿದಳು. "ಈ ಬೀಜ ಮಾರಬಾರದು, ದಾನ ಕೊಡಬಾರದು. ಕಡ ಕೊಟ್ರಷ್ಟ ಗುಣ ಹತ್ತತೈತಿ. ಒಯ್ದಾಂವ ತಿರುಗಿ ಮುಟ್ಟಸಲಾರದ ಸತ್ರ ಹೊಸ್ತಿಲದಾಗ ನಿಲ್ಲತಾನ. ಒಳಗ ಬರಂಗಿಲ್ಲ, ದಾರಿ ಹಿಡಿಯಂಗಿಲ್ಲ."

ಕನಸಿನ ಮಾತನ್ನು ರೇಣವ್ವ ಯಾರಿಗೂ ಹೇಳಿರಲಿಲ್ಲ. ಆದರೂ ಅಂದಳು: "ನಿಂತ್ರ ನಿಲ್ಲಲಿ ಬಿಡ್ರಿ."

ಬಿಬಿಜಾನ ಕೈಯ ಮಣ್ಣು ಕೊಡವಿಕೊಂಡಳು. "ನಿಂತಾಂವನ್ನ ಕೇಳಿಯೇನು?" ಎಂದು ಕೋಲು ಊರಿ ಎದ್ದು ಹೋದಳು.

ಆ ಮಧ್ಯಾಹ್ನವೂ ಅವನು ಬಂದ. ಅವಳು ಅಲ್ಲಿಯವರೆಗೆ ಅವನೊಡನೆ ಮಾತಾಡಿರಲಿಲ್ಲ. ಮಾತಾಡಿದರೆ ಕನಸು ಒಡೆದೀತೆಂಬ ಭಯ. ಈಗ ಮೆಲ್ಲಗೆ, "ಕೂಡ್ರಿ" ಎಂದಳು. ಅವನು ಕೂಡಲು ನೋಡಿದ, ಆಗಲಿಲ್ಲ. ನಾಚಿಕೊಂಡವನಂತೆ ನಕ್ಕು, "ಕಾಲು ಭಾಳ ನೋಯಾಕತ್ತಾವು, ರೇಣು" ಎಂದ.

ಮರುದಿನ ಹೊಸ ತೆನೆ ಮೂಡಿತ್ತು. ಚಿವುಟಲು ಹೋದ ಕೈ ಅರ್ಧಕ್ಕೇ ನಿಂತಿತು. ಅವಳು ಗಿಡದ ಮುಂದೆಯೇ ಕುಸಿದು ಕುಳಿತು, ಮಣ್ಣು ಮಾಡಿದ ದಿನವೂ ಬಾರದ ಅಳು ಅಳುತ್ತ ಹೋದಳು. ದುರ್ಗವ್ವ ಬಂದು ಸೊಸೆಯ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಳು.

ಸಬ್ಜಾ ಹೂ ಬಿಟ್ಟಿತು. ಇಡೀ ಹಗಲು ಜೇನುಹುಳ ಗುಂಯ್‌ಗುಟ್ಟಿದವು. ನಿದ್ದೆಯೊಳಗೂ ಅದೇ ಸದ್ದು. ಎಲೆಗಳು ಸಣ್ಣವಾಗುತ್ತ ಹಳದಿಗೆ ತಿರುಗಿದವು. ಹೊಸ್ತಿಲಲ್ಲಿ ನಿಂತವನ ಮುಖವೂ ದಿನೇ ದಿನೇ ಬೀದಿಯ ಕಡೆ ತಿರುಗುತ್ತಿತ್ತು. ಕೊನೆಗೆ ಅವಳಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು, ಅಂಗಿಯ ಮೇಲೆ ಬೆವರಿನ ಕಲೆ.

ದೀಪಾವಳಿ ಮುಗಿದ ಮೇಲೆ ಒಣ ತೆನೆಗಳನ್ನು ಮೊರದಲ್ಲಿ ತಿಕ್ಕಿ, ಹೊಟ್ಟು ಊದಿ, ಕರಿ ಬೀಜಗಳನ್ನು ಮುಷ್ಟಿಯಲ್ಲಿ ತುಂಬಿಕೊಂಡಳು. ಗಂಡ ಸತ್ತ ಮೇಲೆ ಬೀದಿಗೆ ಕಾಲಿಡುತ್ತಿರುವುದು ಅದೇ ಮೊದಲು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆದರೂ ಯಾರಿಗೋ ದಾರಿ ಬಿಟ್ಟವಳಂತೆ ಪಕ್ಕಕ್ಕೆ ಸರಿದು ಹೊಸ್ತಿಲು ದಾಟಿದಳು.

ಬಿಬಿಜಾನ ತೊಟ್ಟಿಲು ತೂಗುತ್ತಿದ್ದಳು. ಇವಳನ್ನು ಕಂಡದ್ದೇ ಸೆರಗು ಒಡ್ಡಿದಳು. ರೇಣವ್ವ ಮುಷ್ಟಿ ಬಿಚ್ಚಿ ಸುರಿದಳು. ದಾರಿಯುದ್ದಕ್ಕೂ ಬಿಗಿ ಹಿಡಿದದ್ದಕ್ಕೆ ಅಂಗೈ ಬೆವತು, ಕೆಲವು ಬೀಜ ಉಬ್ಬಿ, ಬಿಳಿ ಲೋಳೆ ಕಟ್ಟಿ ಅಂಟಿಕೊಂಡಿದ್ದವು.

"ಇರ್ಲಿ ಬಿಡವಾ, ಅವು ನಿನಗ."

"ಬ್ಯಾಡ್ರಿ ಕಾಕಿ, ಕಡ ಪೂರಾ ತೀರಲಿ" ಎಂದು ರೇಣವ್ವ ಒಂದೊಂದನ್ನೇ ಉಗುರಿನಿಂದ ಬಿಡಿಸಿ ಮುದುಕಿಯ ಸೆರಗಿಗೆ ಹಾಕಿದಳು.