ಚೀಲ ಸಿಕ್ಕವನಿಗೆ ಬಡಿತವಿಲ್ಲ

“ಚೀಲ ಕೊಟ್ರಾ, ಬೂಟು ಕೊಟ್ರಾ?” ಪುಸ್ತಕ ಹೊಲಿಯುವ ಮೇವಿಸ್ ದಾರ ಕಚ್ಚುತ್ತಲೇ ಕೇಳಿದಳು.

“ಎರಡೂ ಕಣಮ್ಮ. ಮೇಲೊಂದು ಮೊಣಕೈ ತಿವಿತ,” ಎಂದ ಸಿರಿಲ್ ಆಗ್ಡನ್, ಮಾಲೀಕ ಪಿಲ್ಲಿಂಗ್ ಸಾಹೇಬರ ಮೂಗುದನಿಯನ್ನು ಅಣಕಿಸುತ್ತ.

ಬೋಲ್ಟನ್ ಪಟ್ಟಣದ ಆ ಮುದ್ರಣಾಲಯದಲ್ಲಿ ಕೆಲಸ ಹೋಗುವುದಕ್ಕೆ ಇಪ್ಪತ್ತು ಹೆಸರು. ಚೀಲ ಸಿಕ್ಕಿತು, ಬೂಟು ಬಿತ್ತು, ಗುಂಡು ತಿಂದ, ಕತ್ತರಿ ಬಿತ್ತು, ಕಾರ್ಡು ಕೈಗೆ ಬಂತು. ಯಾರಿಗೆ ಯಾವುದು ಒಪ್ಪುತ್ತದೆಂದು ಸಿರಿಲನೇ ಆರಿಸಿ, ಅಳುವವರನ್ನೂ ನಗಿಸಿ ಕಳಿಸುತ್ತಿದ್ದ. ಈಗ ಅವನ ಸರದಿ. ತಪ್ಪೂ ನಾಲಗೆಯದೇ: ಒಳಫೋನಿನಲ್ಲಿ ಸಾಹೇಬರ ದನಿ ತೆಗೆದು ಚಹದ ಬಿಡುವನ್ನು ಅರ್ಧ ಗಂಟೆ ಹಿಗ್ಗಿಸಿದ್ದ. ಪ್ರೆಸ್ಸಿಗೆ ಪ್ರೆಸ್ಸೇ ನಂಬಿತ್ತು. ಸಾಹೇಬರೂ ಒಂದು ಕಪ್ಪು ಹೆಚ್ಚಿಗೆ ಕುಡಿದಿದ್ದರಂತೆ.

ಕೆಲಸದ ಚಿಂತೆಯೇನಿರಲಿಲ್ಲ, ಪಕ್ಕದೂರಿನ ಪ್ರೆಸ್ಸಿನವರು ವರ್ಷದಿಂದ ಕರೆಯುತ್ತಿದ್ದರು. ಚುಚ್ಚುತ್ತಿದ್ದದ್ದು ಬೇರೆ. ನಿವೃತ್ತನಾಗಿ ಹೊರಡುವವನಿಗೆ ಎಲ್ಲರೂ ಸುತ್ತಿಗೆ, ಅಚ್ಚಿನ ಚೌಕಟ್ಟು, ಕೈಗೆ ಸಿಕ್ಕಿದ್ದನ್ನು ಕಬ್ಬಿಣದ ಮೇಜಿಗೆ ಬಡಿದು ಕಳಿಸಿಕೊಡುವುದು ಅಲ್ಲಿಯ ವಾಡಿಕೆ. ಇಪ್ಪತ್ತೊಂಬತ್ತು ವರ್ಷ ಅವನು ಬೇರೆಯವರಿಗಾಗಿ ಬಡಿದಿದ್ದ. ಚೀಲ ಸಿಕ್ಕವನಿಗೆ ಮಾತ್ರ ಬಡಿತವಿಲ್ಲ.

ಅಚ್ಚಿನ ಮೊಳೆ ಜೋಡಿಸುವ ತನ್ನ ಸ್ಟಿಕ್ಕನ್ನು ಏಪ್ರನ್ನಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

“ಬರ್ತೀನಿ ಮೇಸ್ತ್ರಿಗಳೇ.”

ಮೇಸ್ತ್ರಿ ಆರ್ಮರಾಡ್ ಕರಡಿನಿಂದ ತಲೆ ಎತ್ತಲಿಲ್ಲ. “ನಿಯಮ ಗೊತ್ತಲ್ಲಪ್ಪ.”

“ಗೊತ್ತು. ಬೇರೆಯೋರಿಗೆ ನಾನೇ ಹೇಳ್ತಿದ್ದೆನಲ್ಲ.”

ಸಿರಿಲ್ ಬಾಗಿಲ ಕಡೆ ತಿರುಗಿದ. ಹತ್ತು ಹೆಜ್ಜೆ. ಯಾರ ಕೈಯೂ ಅಲುಗಲಿಲ್ಲ. ಚಿಲಕ ಹಿಡಿದಾಗ ಹಿಂದೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಜನ್ಮದಲ್ಲಿ ಯಾರನ್ನೂ ಅಣಕಿಸದ ಆರ್ಮರಾಡ್ ಎರಡು ಬೆರಳಲ್ಲಿ ಮೂಗು ಹಿಡಿದು ಎದ್ದು ನಿಂತಿದ್ದ.

“ನಾನು ಪಿಲ್ಲಿಂಗ್ ಮಾತಾಡ್ತಿರೋದು. ಆಗ್ಡನ್‌ಗೆ... ವಿಶೇಷ ಅನುಮತಿ ಕೊಡಲಾಗಿದೆ.”

ನೆಗಡಿಯಾದ ಬೆಕ್ಕಿನ ಹಾಗಿತ್ತು ಆ ದನಿ.

“ಸಾಹೇಬ್ರೇ ಹೇಳಿದ್ಮೇಲೆ ಇನ್ನೇನು,” ಎಂದು ಮೇವಿಸ್ ದೊಡ್ಡ ಕತ್ತರಿಯನ್ನೆತ್ತಿ ಮೇಜಿಗೆ ಅಪ್ಪಳಿಸಿದಳು. ಆಮೇಲೆ ಸುತ್ತಿಗೆಗಳು, ಚೌಕಟ್ಟುಗಳು, ಯಾರದೋ ಚಹದ ತಟ್ಟೆ. ಮಹಡಿಯ ಮೇಲೆ ಸಾಹೇಬರ ಕೋಣೆಯ ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿನ ಮೇಲೆ, ಮೆಲ್ಲಗೆ ಮುಚ್ಚಿಕೊಂಡಿತು.

ರಸ್ತೆಯಾಚೆಯ ಬಸ್ ನಿಲ್ದಾಣಕ್ಕೂ ಆ ಸದ್ದು ಕೇಳುತ್ತಿತ್ತು. ಬಸ್ಸು ಬಂತು. ಸಿರಿಲ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

“ಎಲ್ಲಿಗೆ ಯಜಮಾನ್ರೇ?” ಎಂದ ಕಂಡಕ್ಟರ್.

ಯಾವ ದನಿಯೂ ತಕ್ಷಣಕ್ಕೆ ಬಾಯಿಗೆ ಬರಲಿಲ್ಲ. ಕಂಡಕ್ಟರ್ ಕಾದ, ಬೆರಳಿನಲ್ಲಿ ಟಿಕೆಟ್ ಯಂತ್ರದ ಮೇಲೆ, ಪ್ರೆಸ್ಸಿನ ಬಡಿತದ ತಾಳಕ್ಕೇ, ತಟ್ಟುತ್ತ ಕಾದ.